ಅಮೋನಿಯಾ ಇಲ್ಲದ ಹೇರ್ ಡೈ ಅಂದ್ರೆ ಅಲರ್ಜಿಯ ಭಯವೇ ಇಲ್ಲವಾ?

ಅಮೋನಿಯಾ ಇಲ್ಲದ ಕಪ್ಪು ಡೈ ಎಲ್ಲರಿಗೂ ಸುರಕ್ಷಿತ, ಚರ್ಮದ ಮೇಲೆ ಪರೀಕ್ಷೆ ಮಾಡದೆ ಹಚ್ಚಬಹುದು ಎನ್ನುವ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಮಾತು ತಪ್ಪು.

ಅಮೋನಿಯಾದ ಕೆಲಸ ಕೂದಲಿನ ಹೊರಪದರವನ್ನು ಸಡಿಲಿಸಿ ಬಣ್ಣವನ್ನು ಒಳಗೆ ಬಿಡುವುದು. ಅದರ ಘಾಟು ಜಾಸ್ತಿ, ಹಾಗಾಗಿ ಬೈಗುಳವೂ ಅದಕ್ಕೇ. ಡೈ ಅಲರ್ಜಿಗೆ ಮುಖ್ಯ ಕಾರಣ ಬೇರೆ: ಗಾಢ ಬಣ್ಣ ಕೊಡುವ ಪಿಪಿಡಿ, ಅಂದರೆ ಪ್ಯಾರಾಫಿನೈಲೀನ್‌ಡೈಅಮೀನ್. ಅಮೋನಿಯಾ ಇಲ್ಲದ ಎಷ್ಟೋ ಡೈಗಳಲ್ಲಿ ಇದು ಇರುತ್ತದೆ. 'ಕಪ್ಪು ಮೆಹಂದಿ' ಪುಡಿಗಳಲ್ಲೂ ಇರಬಹುದು, ಯಾಕಂದ್ರೆ ಬರೀ ಮೆಹಂದಿ ಬಿಳಿ ಕೂದಲಿಗೆ ಕೊಡುವುದು ಕೇಸರಿ ಮಿಶ್ರಿತ ಕೆಂಪನ್ನು ಮಾತ್ರ.

ನೀವೇ ನೋಡಿಕೊಳ್ಳಬಹುದು. ಪೆಟ್ಟಿಗೆಯ ಮುಂಭಾಗದ ದೊಡ್ಡಕ್ಷರ ಬಿಡಿ, ಹಿಂದಿರುವ ಸಣ್ಣಕ್ಷರದ ಪಟ್ಟಿ ಓದಿ. ಪಿಪಿಡಿ ಇದೆಯಾ? ಅದೇ ಜಾತಿಯ ಇನ್ನೊಂದು ರಾಸಾಯನಿಕ ಟೊಲುಯೀನ್ ಡೈಅಮೀನ್ ಇದೆಯಾ? ಎಚ್ಚರಿಕೆಯ ಸಾಲುಗಳನ್ನೂ ಓದಿ. ಪರೀಕ್ಷೆ ಮಾಡಿ ಎಂದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಫಾರ್ವರ್ಡ್‌ನಲ್ಲಿ ಹೇಳಿದ್ದಕ್ಕೆ ನೇರ ವಿರುದ್ಧವಾಗಿ.

ಆಮೇಲೆ ಪೆಟ್ಟಿಗೆಯಲ್ಲಿ ಹೇಳಿದಂತೆ ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಿರಿ. ತುರಿಕೆ, ಕೆಂಪು, ಊತ ಕಂಡರೆ ಆ ಡೈ ಬೇಡ. ವರ್ಷಗಟ್ಟಲೆ ಹಚ್ಚಿದವರಿಗೂ ಅಲರ್ಜಿ ಹೊಸದಾಗಿ ಶುರುವಾಗಬಹುದು, ಹಾಗಾಗಿ ಪ್ರತಿ ಸಲವೂ ಪರೀಕ್ಷೆ ಮಾಡಿ. ಗಡ್ಡ, ಮೀಸೆಗೆ ಹಚ್ಚುವವರು ಇದನ್ನು ಬಿಡಲೇಬೇಡಿ, ಅಲ್ಲಿ ಡೈ ನೇರ ಮುಖದ ಚರ್ಮಕ್ಕೇ ತಾಗುತ್ತದೆ. ಮುಖ ಊದಿದರೆ ಅಥವಾ ಉಸಿರಾಟ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.