ಡಾಕ್ಟರಾದ ಮೇಲೆ ಪಿಎಚ್‌ಡಿ ಎಂತಕ್ಕೆ?

ನನ್ನ ತಮ್ಮನ ಮಗ ಎಂಬಿಬಿಎಸ್ ಮುಗಿಸಿದ್ದಾನೆ. ಮುಂದೆ ಎಂಡಿ, ಅದರ ಜೊತೆಗೆ ಪಿಎಚ್‌ಡಿಯನ್ನೂ ಮಾಡುತ್ತೇನೆ ಅಂತ ಚೌತಿ ಊಟಕ್ಕೆ ಕೂತಾಗ ಹೇಳಿದ. ಪಂಕ್ತಿ ಸುಮ್ಮನಾಯಿತು. "ಓದಿದ್ದು ಇನ್ನೂ ಸಾಕಾಯ್ದಿಲ್ಯನಾ ತಮಾ?" ಅಂದಳು ನಮ್ಮ ಆಯಿ. ತಮ್ಮನ ಚಿಂತೆ ಬೇರೆ. ನಮ್ಮ ಕಡೆ ಕೆಲಸ ಹಿಡಿದ ಮಾಣಿಗೇ ಹೆಣ್ಣು ಸಿಗುವುದು ಕಷ್ಟ, ಇನ್ನು 'ಓದ್ತಾ ಇದ್ದಾನೆ' ಅಂದರೆ ಜಾತಕವನ್ನೂ ಯಾರೂ ಕೇಳುವುದಿಲ್ಲ!

ಲೆಕ್ಕ ಹಾಕಿದರೆ ಅವರ ಗಾಬರಿ ಸುಳ್ಳಲ್ಲ. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು, ಪಿಎಚ್‌ಡಿ ನಾಲ್ಕೋ ಐದೋ. ಎಲ್ಲ ಒಂದೇ ಏಟಿಗೆ ಆದರೂ ಮೂವತ್ತು ದಾಟುತ್ತದೆ. ಸಂಶೋಧನೆಗೆ ಸೇರಿದವರಿಗೆ ಜೆಆರ್‌ಎಫ್ ಅನ್ನುವ ಸಂಶೋಧನಾ ವೇತನ ಅಂತ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಅದೇ ಹೊತ್ತಿಗೆ ಅವನ ಜೊತೆ ಓದಿದವರು ಹುಬ್ಬಳ್ಳಿಯಲ್ಲೋ ಮಂಗಳೂರಲ್ಲೋ ಇದರ ಎಷ್ಟು ಪಟ್ಟು ದುಡಿಯುತ್ತಾರೆ ಅಂತ ಹೇಳುವುದೇ ಬೇಡ. ಅಮೆರಿಕದಲ್ಲಿ 1964ರಿಂದ ಸರ್ಕಾರವೇ ಫೀಸು, ಸ್ಟೈಪೆಂಡ್ ಕೊಟ್ಟು ವೈದ್ಯ ಪದವಿ, ಪಿಎಚ್‌ಡಿ ಎರಡನ್ನೂ ಒಟ್ಟಿಗೆ ಓದಿಸುತ್ತಿದೆ. ಅಲ್ಲೂ ಎಂಟು ವರ್ಷ ಬೇಕು. ನಮ್ಮಲ್ಲಿ ಅಂಥ ಸೀಟು ಬೆರಳೆಣಿಕೆಯಷ್ಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ 425 ಕೋಟಿ ರೂಪಾಯಿ ದಾನ ಪಡೆದು, ಎಂಡಿ-ಪಿಎಚ್‌ಡಿ ಸೇರಿಸಿ ಕಲಿಸುವ ವೈದ್ಯಕೀಯ ಶಾಲೆ ಕಟ್ಟುತ್ತೇವೆ ಅಂತ ಘೋಷಿಸಿದಾಗ ನನಗೆ ಖುಷಿಯಾಗಿತ್ತು.

ಆದರೂ ನಾನು ಹುಡುಗನ ಕಡೆ. ಕಾರಣ ನನ್ನ ಟೇಬಲ್ ಡ್ರಾಯರಿನಲ್ಲಿರುವ ಒಂದು ನೋಟ್‌ಬುಕ್.

ಉತ್ತರ ಕನ್ನಡದ ಸಿದ್ದಾಪುರದ ಕಡೆಯವರಿಗೆ ಮಂಗನ ಕಾಯಿಲೆ ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ರೋಗ. ಅಡಿಕೆ ತೋಟಕ್ಕೆ ದರಕು (ಒಣ ಎಲೆ) ತರಲು ಬೆಟ್ಟಕ್ಕೆ ಹೋದವರಿಗೆ ವೈರಸ್ ಹೊತ್ತ ಉಣುಗು, ಅಂದರೆ ಉಣ್ಣೆ, ಕಚ್ಚುತ್ತದೆ, ಕೆಲವು ದಿನದಲ್ಲಿ ಸುಡುವ ಜ್ವರ, ಸೊಂಟ ಮುರಿಯುವಂಥ ನೋವು. ವೈರಸ್ಸನ್ನೇ ಕೊಲ್ಲುವ ಔಷಧಿ ಇವತ್ತಿಗೂ ಇಲ್ಲ. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಕೈಬಿಟ್ಟಾಗಿದೆ. ಉಣುಗು ಹತ್ತದಂತೆ ಮೈಗೆ ಎಣ್ಣೆ ಹಚ್ಚಿಕೊಂಡು ಹೋಗಿ ಅನ್ನುತ್ತೇವೆ. ಹಚ್ಚಿಕೊಳ್ಳುವವರು ಎಷ್ಟು ಜನವೋ!

ಇದರಲ್ಲಿ ಒಂದು ವಿಚಿತ್ರ ಇದೆ. ಹೆಚ್ಚಿನವರಿಗೆ ಜ್ವರ ಇಳಿದರೆ ಮುಗಿಯಿತು. ಆದರೆ ನೂರಕ್ಕೆ ಹತ್ತಿಪ್ಪತ್ತು ಜನರಿಗೆ ಒಂದೆರಡು ವಾರ ಆರಾಮಾಗಿದ್ದು ಮತ್ತೆ ಜ್ವರ ಏರುತ್ತದೆ. ಈ ಸಲ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ಕೆಲವರಿಗೆ ಭ್ರಮೆ. ಒಂದೇ ಮನೆಯ ಇಬ್ಬರಲ್ಲಿ ಒಬ್ಬನಿಗೆ ಹೀಗಾಗಿ ಇನ್ನೊಬ್ಬನಿಗೆ ಯಾಕೆ ಆಗುವುದಿಲ್ಲ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದಿದ್ದಲ್ಲ, ಡಾಕ್ಟರಾಗಿ ರೋಗಿಯ ಮಂಚದ ಪಕ್ಕ ನಿಂತಾಗ ಬಂದಿದ್ದು. ರಕ್ತ ಶಿವಮೊಗ್ಗಕ್ಕೆ ಕಳಿಸುತ್ತಿದ್ದೆ, ಪಾಸಿಟಿವ್ ಅಥವಾ ನೆಗೆಟಿವ್ ಅಂತ ಬರುತ್ತಿತ್ತು, ಅಷ್ಟೇ. ಜ್ವರ ಮರುಕಳಿಸಿದವರ ವಿವರ ಆ ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಬರೆದು ಮುಂದೇನು ಮಾಡಬೇಕು ಅಂತ ಯಾರೂ ನನಗೆ ಕಲಿಸಿರಲಿಲ್ಲ.

ಕಲಿತವರು ಏನು ಮಾಡಬಲ್ಲರು ಅನ್ನುವುದಕ್ಕೆ ಕೋಲ್ಕತ್ತದ ಶಂಭುನಾಥ ಡೇ ಇದ್ದಾರೆ. ವೈದ್ಯರಾದ ಮೇಲೆ ಲಂಡನ್ನಿಗೆ ಹೋಗಿ 1949ರಲ್ಲಿ ಪಿಎಚ್‌ಡಿ ಪಡೆದು ವಾಪಸ್ ಬಂದರು. ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಅದರೊಳಗೆ ಕಾಲರಾ ಬ್ಯಾಕ್ಟೀರಿಯಾ ಬಿಟ್ಟರು. ಕರುಳು ನೀರು ತುಂಬಿ ಉಬ್ಬಿತು. ಆಮೇಲೆ ಬ್ಯಾಕ್ಟೀರಿಯಾವನ್ನೇ ಸೋಸಿ ತೆಗೆದು ಬರೀ ದ್ರವ ಹಾಕಿದರೂ ಉಬ್ಬಿತು. ಕೊಲ್ಲುವುದು ಅದು ಬಿಡುವ ವಿಷ ಅಂತ 1959ರಲ್ಲಿ ತೋರಿಸಿದರು. ಅದೇ ಊರಿನ ಉಪೇಂದ್ರನಾಥ ಬ್ರಹ್ಮಚಾರಿ ಇವರಿಗಿಂತ ಎಷ್ಟೋ ಮೊದಲೇ, 1904ರ ಹೊತ್ತಿಗೆ, ಎಂಡಿ, ಪಿಎಚ್‌ಡಿ ಎರಡೂ ಮುಗಿಸಿದ್ದರು. ಕಾಲಾ ಅಜಾರ್ ಎಂಬ ಮಾರಕ ಜ್ವರಕ್ಕೆ ಔಷಧಿ ಕಂಡುಹಿಡಿದವರು ಅವರೇ.

"ಇಲ್ಲಿ ಹೆರಿಗೆಗೆ, ಹಾರ್ಟಿಗೆ ಡಾಕ್ಟ್ರು ಇಲ್ಲ, ಆಂಬುಲೆನ್ಸಿನಲ್ಲಿ ಮಣಿಪಾಲಕ್ಕೋ ಗೋವಾಕ್ಕೋ ಓಡಬೇಕು, ಇವನು ಲ್ಯಾಬಿನಲ್ಲಿ ಕೂರ್ತಾನಾ?" ಅಂತ ತಮ್ಮ ಕೇಳಿದ. 2022ರಲ್ಲಿ ನಮ್ಮ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕು ಅಂತ ಕೂಗಿದವರಲ್ಲಿ ನಾನೂ ಒಬ್ಬ. ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಎಲ್ಲರೂ ಪಿಎಚ್‌ಡಿ ಮಾಡಲಿ ಅಂತ ನಾನು ಹೇಳುತ್ತಿಲ್ಲ. ಬಡ್ತಿಗಾಗಿ ಪಿಎಚ್‌ಡಿ ಮಾಡಿ ರೋಗಿಯ ಮುಖವನ್ನೇ ಮರೆತವರನ್ನೂ ಕಂಡಿದ್ದೇನೆ. ಆದರೆ ಮಂಗನ ಕಾಯಿಲೆ ಅಮೆರಿಕದ ಬೋಸ್ಟನ್ನಿನವರಿಗೆ ಬರುವುದಿಲ್ಲ. ಬರುವುದು ಬೆಟ್ಟಕ್ಕೆ ಹೋಗುವ ನಮ್ಮವರಿಗೆ. ಅದರ ಹಿಂದೆ ಬೀಳುವವನು ಈ ರೋಗಿಗಳನ್ನು ಮುಟ್ಟಿ ನೋಡಿದವನೇ ಆಗಿದ್ದರೆ ಒಳ್ಳೆಯದಲ್ಲವೇ?

ಊಟವಾದ ಮೇಲೆ ಹುಡುಗನಿಗೆ ಆ ನೋಟ್‌ಬುಕ್ ಕೊಟ್ಟೆ. ಜಗಲಿಯಲ್ಲಿ ಕೂತು ಅರ್ಧ ಗಂಟೆ ಓದಿದ. ಹೊಗಳುತ್ತಾನೇನೋ ಅಂದುಕೊಂಡಿದ್ದೆ.

"ದೊಡ್ಡಪ್ಪಾ, ಜ್ವರ ತಿರುಗಿ ಬರದೇ ಇದ್ದವ್ರ ಲೆಕ್ಕ ಎಲ್ಲಿದ್ದು?"

ಅದನ್ನು ನಾನು ಬರೆದೇ ಇರಲಿಲ್ಲ.