ಒಂದು ಫಿಲ್ಟರ್‌ನಿಂದ ಎಲ್ಲ ಮುಗಿಯುವುದಿಲ್ಲ

‘ಡಿಶ್‌ಗೆ ಫಿಲ್ಟರ್ ಹಾಕಿದರೆ ಸಿ-ಬ್ಯಾಂಡ್‌ನಲ್ಲಿ 5ಜಿ ಕಾಟ ತಪ್ಪುತ್ತದೆ’ ಎಂಬ ಲೇಖನದ ಮಾತು ಅರ್ಧ ಮಾತ್ರ ಸರಿ. (ಸಿ-ಬ್ಯಾಂಡ್ ಎಂದರೆ ಡಿಶ್‌ಗೆ ಉಪಗ್ರಹದ ಸಿಗ್ನಲ್ ಬರುವ ಒಂದು ಆವರ್ತನ ಪಟ್ಟಿ; 5ಜಿ ಅದರ ಪಕ್ಕದಲ್ಲೇ ಇರುತ್ತದೆ.) ಇಲ್ಲಿ ಬೇರೆ ಬೇರೆ ಎರಡು ತೊಂದರೆಗಳಿವೆ. 36,000 ಕಿ.ಮೀ. ದೂರದಿಂದ ಬರುವ ಕ್ಷೀಣ ಸಿಗ್ನಲ್‌ಗೆಂದೇ ಮಾಡಿದ ಎಲ್‌ಎನ್‌ಬಿ (ಡಿಶ್‌ನ ಸಿಗ್ನಲನ್ನು ಹಿಗ್ಗಿಸಿ ಕಡಿಮೆ ಆವರ್ತನಕ್ಕೆ ಇಳಿಸುವ ಘಟಕ) ಪಕ್ಕದ 5ಜಿ ಟವರ್‌ನ ಅಬ್ಬರಕ್ಕೆ ಸ್ಯಾಚುರೇಟ್ ಆಗುವುದು, ಅಂದರೆ ಮಿತಿ ಮೀರಿ ತುಂಬಿಹೋಗುವುದು, ಮೊದಲನೆಯದು. ಇದಕ್ಕೆ ವೇವ್‌ಗೈಡ್ ಫಿಲ್ಟರ್ (ಬೇಕಾದ ಆವರ್ತನಗಳನ್ನಷ್ಟೇ ಬಿಡುವ ಲೋಹದ ಕೊಳವೆ) ಸಾಕು, ಆದರೆ ಅದು ಫೀಡ್ ಹಾರ್ನ್ (ಡಿಶ್‌ನಿಂದ ಪ್ರತಿಫಲಿಸಿದ ಸಿಗ್ನಲ್ ಹಿಡಿಯುವ ಬಾಯಿ) ಮತ್ತು ಎಲ್‌ಎನ್‌ಬಿ ನಡುವೆಯೇ ಕೂರಬೇಕು. ಎಲ್‌ಎನ್‌ಬಿ ಆದಮೇಲೆ ಕೇಬಲ್‌ಗೆ ಹಾಕಿದರೆ ವ್ಯರ್ಥ, ಅಷ್ಟರಲ್ಲಿ ಸಿಗ್ನಲ್ ಕೆಟ್ಟಿರುತ್ತದೆ.

ಎರಡನೆಯದು, ಟವರ್‌ನ ಟ್ರಾನ್ಸ್‌ಮಿಟರ್ ತನ್ನ ಬ್ಯಾಂಡ್ ದಾಟಿ ಉಪಗ್ರಹದ ಬ್ಯಾಂಡ್‌ಗೇ ಚೆಲ್ಲುವ ಶಕ್ತಿ. ಬೇಕಾದ ಸಿಗ್ನಲ್ ಇರುವ ಆವರ್ತನದಲ್ಲೇ ಇದೂ ಇರುವುದರಿಂದ ಡಿಶ್ ಕಡೆಯ ಯಾವ ಫಿಲ್ಟರೂ ತಡೆಯದು. ಟವರ್‌ನಲ್ಲೇ ಫಿಲ್ಟರ್, ಗಾರ್ಡ್ ಬ್ಯಾಂಡ್ (ಎರಡು ಬ್ಯಾಂಡ್‌ಗಳ ನಡುವೆ ಖಾಲಿ ಬಿಡುವ ಆವರ್ತನ), ಆಂಟೆನಾದ ದಿಕ್ಕು, ಅಂತರ ಇವೇ ದಾರಿ.

ಫಿಲ್ಟರ್‌ಗೂ ಬೆಲೆ ತೆರಬೇಕು. ಅದರಲ್ಲಿ ಸಿಗ್ನಲ್‌ಗೆ 0.5 ಡಿಬಿ (ಡೆಸಿಬೆಲ್) ನಷ್ಟವೆಂದರೆ ಸುಮಾರು 35 ಕೆಲ್ವಿನ್ ಹೆಚ್ಚುವರಿ ನಾಯ್ಸ್ (ಸಿಗ್ನಲ್‌ಗೆ ಬೆರೆಯುವ ಗದ್ದಲ; ಇದನ್ನು ತಾಪಮಾನದ ಅಳತೆಯಲ್ಲಿ ಹೇಳುತ್ತಾರೆ), ಒಳ್ಳೆಯ ಎಲ್‌ಎನ್‌ಬಿಯ ಸ್ವಂತ ನಾಯ್ಸ್‌ಗಿಂತಲೂ ಜಾಸ್ತಿ!

ಕೊಳ್ಳುವ ಮುನ್ನ ಎಲ್‌ಎನ್‌ಬಿ ಔಟ್‌ಪುಟ್‌ಗೆ ಸ್ಪೆಕ್ಟ್ರಮ್ ಅನಲೈಸರ್ (ಯಾವ ಆವರ್ತನದಲ್ಲಿ ಎಷ್ಟು ಶಕ್ತಿಯಿದೆ ಎಂದು ತೋರಿಸುವ ಉಪಕರಣ) ಜೋಡಿಸಿ ನೋಡಿ. ಎಲ್‌ಎನ್‌ಬಿಯ ಲೋಕಲ್ ಆಸಿಲೇಟರ್ (ಆವರ್ತನ ಇಳಿಸಲು ಅದು ಬಳಸುವ ಸ್ಥಿರ ಆವರ್ತನ) 5150 ಮೆಗಾಹರ್ಟ್ಸ್ ಆಗಿದ್ದರೆ 3600ರ 5ಜಿ ಸಿಗ್ನಲ್, ಎರಡರ ವ್ಯತ್ಯಾಸವಾದ 1550ರಲ್ಲಿ ಕಾಣುತ್ತದೆ.