ಐದನೆಯ ತರಗತಿಯ ಒಂದು ವರ್ಷ: ವಸತಿ ಶಾಲೆಗಳ ಪ್ರವೇಶ, ಕಾಸರಗೋಡಿನಿಂದ ಕಂಡಂತೆ

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಮಗುವನ್ನು ವಸತಿ ಶಾಲೆಗೆ ಸೇರಿಸುವ ಮಾತು ಸಾಮಾನ್ಯವಾಗಿ ಏಳನೆಯ ತರಗತಿ ಮುಗಿಯುವ ಹೊತ್ತಿಗೆ ಬರುತ್ತದೆ. ಕೇರಳದಲ್ಲಿ ಎಂಟನೆಯ ತರಗತಿಯಿಂದ ಹೈಸ್ಕೂಲು. ಹೇಗೂ ಶಾಲೆ ಬದಲಿಸಬೇಕಲ್ಲ, ಹಾಗಿದ್ದರೆ ಕೇಂದ್ರದ ನವೋದಯವನ್ನೋ ಸೈನಿಕ ಶಾಲೆಯನ್ನೋ ವಿಚಾರಿಸೋಣ ಎಂದು ತಂದೆತಾಯಿ ಯೋಚಿಸುವುದು ಸಹಜವೇ. ಆದರೆ ಆ ಎರಡು ಶಾಲೆಗಳಿಗೂ ಎಂಟನೆಯ ತರಗತಿಯಲ್ಲಿ ಪ್ರವೇಶವೇ ಇಲ್ಲ. ಅವು ಮಕ್ಕಳನ್ನು ಮುಖ್ಯವಾಗಿ ಆರನೆಯ ತರಗತಿಗೆ ತೆಗೆದುಕೊಳ್ಳುತ್ತವೆ, ಅಳಿದುಳಿದ ಸೀಟುಗಳಿಗೆ ಒಂಬತ್ತನೆಯ ತರಗತಿಯಲ್ಲಿ ಇನ್ನೊಮ್ಮೆ ಪರೀಕ್ಷೆ ನಡೆಸುತ್ತವೆ. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕಡೆ ಇದು ಹೊಲದಲ್ಲಿ ದುಡಿಯುವವರಿಗೂ ತಿಳಿದಿರುವ ಸಂಗತಿ. ನಮ್ಮಲ್ಲಿ ಮಾತ್ರ ಓದು ಬಲ್ಲ ಮನೆಗಳಿಗೂ ಅದು ತಡವಾಗಿ ಗೊತ್ತಾಗುತ್ತದೆ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ನನಗೆ, ಈ ತಡಕ್ಕೆ ಕಾರಣ ಎರಡು ರಾಜ್ಯಗಳ ಶಾಲಾ ವ್ಯವಸ್ಥೆಯ ರಚನೆಯಲ್ಲೇ ಇದೆ ಎಂದು ಅನ್ನಿಸುತ್ತದೆ. ಅದರಿಂದ ಹೆಚ್ಚು ನಷ್ಟವಾಗುತ್ತಿರುವುದು ಗಡಿನಾಡಿನ ಕನ್ನಡ ಮಕ್ಕಳಿಗೆ.

ಮೊದಲು ಸೀಟುಗಳ ಲೆಕ್ಕ ನೋಡೋಣ. ಜವಾಹರ ನವೋದಯ ವಿದ್ಯಾಲಯವೊಂದರಲ್ಲಿ ಆರನೆಯ ತರಗತಿಗೆ ಗರಿಷ್ಠ 80 ಮಕ್ಕಳನ್ನು ಆರಿಸುತ್ತಾರೆ. ಅದರಲ್ಲಿ ಕನಿಷ್ಠ ಶೇಕಡ 75ರಷ್ಟು ಗ್ರಾಮೀಣ ಪ್ರದೇಶದ ಮಕ್ಕಳಿಗೆ, ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ. ನಮ್ಮ ಜಿಲ್ಲೆಯ ನವೋದಯ ಪೆರಿಯದಲ್ಲಿದೆ, ನೆರೆಯ ದಕ್ಷಿಣ ಕನ್ನಡದ್ದು ಮುಡಿಪಿನಲ್ಲಿದೆ. ಆರನೆಯ ತರಗತಿಗೆ ಪ್ರತಿವರ್ಷ ಇಡೀ ತರಗತಿಯೇ ಹೊಸದಾಗಿ ತುಂಬಬೇಕು. ಒಂಬತ್ತನೆಯ ತರಗತಿಗಾದರೋ ನಡುವೆ ಬಿಟ್ಟುಹೋದ ಮಕ್ಕಳ ಜಾಗ ಮಾತ್ರ. ಯಾವ ವರ್ಷ ಎಷ್ಟು ಜಾಗ ತೆರವಾಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ, ಬೆರಳೆಣಿಕೆಯಷ್ಟೇ ಇದ್ದರೂ ಆಶ್ಚರ್ಯವಿಲ್ಲ. ಅಷ್ಟೇ ಜಾಣ ಮಗು ಮೂರು ವರ್ಷ ತಡವಾಗಿ ಅರ್ಜಿ ಹಾಕಿದರೆ ಅದರ ಅವಕಾಶ ಎಷ್ಟು ಕುಗ್ಗುತ್ತದೆಂದು ತಿಳಿಯಲು ಇದಕ್ಕಿಂತ ಹೆಚ್ಚಿನ ಗಣಿತ ಬೇಡ.

ಸೀಟುಗಳ ಸಂಖ್ಯೆಗಿಂತ ನನ್ನನ್ನು ಹೆಚ್ಚು ಕಾಡುವುದು ಪರೀಕ್ಷೆಯ ಭಾಷೆ. ನವೋದಯದ ಆರನೆಯ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಎರಡು ಗಂಟೆಯ ಆ ಪರೀಕ್ಷೆಯ 80 ಪ್ರಶ್ನೆಗಳಲ್ಲಿ 40 ಮಾನಸಿಕ ಸಾಮರ್ಥ್ಯಕ್ಕೆ ಸೇರಿದವು, ಒಟ್ಟು 100 ಅಂಕಗಳಲ್ಲಿ 50 ಅದಕ್ಕೇ ಮೀಸಲು. ಚಿತ್ರಗಳನ್ನು ನೋಡಿ ಬೇರೆಯದನ್ನು ಗುರುತಿಸುವ, ವಿನ್ಯಾಸವನ್ನು ಪೂರ್ತಿಗೊಳಿಸುವ ಈ ಪ್ರಶ್ನೆಗಳಿಗೆ ಮಗು ಯಾವ ಮಾಧ್ಯಮದಲ್ಲಿ ಕಲಿತಿದೆ ಎಂಬುದರಿಂದ ಏನೂ ಆಗಬೇಕಾದ್ದಿಲ್ಲ. ಉಳಿದದ್ದು ಅಂಕಗಣಿತ ಮತ್ತು ಭಾಷೆ, ತಲಾ 25 ಅಂಕ. ಅಂದರೆ ಎಣ್ಮಕಜೆಯದೋ ಪೈವಳಿಕೆಯದೋ ಕನ್ನಡ ಮಾಧ್ಯಮದ ಮಗು ತಿರುವನಂತಪುರದ ಇಂಗ್ಲಿಷ್ ಮಾಧ್ಯಮದ ಮಗುವಿನಷ್ಟೇ ಸಲೀಸಾಗಿ ಈ ಪರೀಕ್ಷೆಯನ್ನು ಎದುರಿಸಬಹುದು.

ಒಂಬತ್ತನೆಯ ತರಗತಿಯ ಪರೀಕ್ಷೆಯ ಸ್ವರೂಪವೇ ಬೇರೆ. ಅಲ್ಲಿ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಗಣಿತಕ್ಕೆ 35, ವಿಜ್ಞಾನಕ್ಕೆ 35, ಇಂಗ್ಲಿಷಿಗೆ 15, ಹಿಂದಿಗೆ 15 ಅಂಕ; ಮಾನಸಿಕ ಸಾಮರ್ಥ್ಯ ಎಂಬುದು ಇಲ್ಲ. ಸೈನಿಕ ಶಾಲೆಗಳ ಅಖಿಲ ಭಾರತ ಪ್ರವೇಶ ಪರೀಕ್ಷೆಯೂ ಹೀಗೆಯೇ: ಆರನೆಯ ತರಗತಿಗೆ ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ಬರೆಯಬಹುದು, ಒಂಬತ್ತನೆಯದಕ್ಕೆ ಇಂಗ್ಲಿಷ್ ಒಂದೇ. ಹತ್ತು ವರ್ಷದ ಮಗುವಿನಲ್ಲಿ ಇವರು ಚುರುಕುತನವನ್ನು ಹುಡುಕುತ್ತಾರೆ, ಹದಿಮೂರು ವರ್ಷದ ಮಗುವಿನಲ್ಲಿ ಅದು ಆವರೆಗೆ ಪಡೆದ ಶಾಲೆಯನ್ನು ಅಳೆಯುತ್ತಾರೆ. ಎಂಟನೆಯ ತರಗತಿಯವರೆಗೆ ವಿಜ್ಞಾನವನ್ನೂ ಗಣಿತವನ್ನೂ ಕನ್ನಡದಲ್ಲಿ ಕಲಿತ ಮಗುವಿಗೆ ಎರಡನೆಯ ಅವಕಾಶ ನಿಯಮದಲ್ಲಿ ಇದ್ದರೂ ವಾಸ್ತವದಲ್ಲಿ ಇಲ್ಲದ ಹಾಗೆಯೇ. ಹೀಗೆ ಕನ್ನಡ ಮಾಧ್ಯಮದವರಿಗೆ ಉಳಿಯುವುದು ಆರನೆಯ ತರಗತಿ ಒಂದೇ. ಅದೂ ಒಂದೇ ಬಾರಿ, ಏಕೆಂದರೆ ನವೋದಯದ ಆರನೆಯ ತರಗತಿಯ ಪರೀಕ್ಷೆಯನ್ನು ಒಮ್ಮೆ ಬರೆದವರು ಮತ್ತೆ ಬರೆಯುವಂತಿಲ್ಲ.

ಇನ್ನು ನಾವು ಆ ವರ್ಷವನ್ನು ಏಕೆ ಕಳೆದುಕೊಳ್ಳುತ್ತೇವೆ ಎಂಬ ಪ್ರಶ್ನೆ. ಕರ್ನಾಟಕದಲ್ಲಿ ಒಂದರಿಂದ ಐದರವರೆಗೆ ಕಿರಿಯ ಪ್ರಾಥಮಿಕ, ಆರರಿಂದ ಹಿರಿಯ ಪ್ರಾಥಮಿಕ. ಅಲ್ಲಿನ ಸರಕಾರದ ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳೂ, ಕಿತ್ತೂರಿನಲ್ಲಿರುವ ಹೆಣ್ಣುಮಕ್ಕಳ ಸೈನಿಕ ಶಾಲೆಯೂ ಮಕ್ಕಳನ್ನು ಆರನೆಯ ತರಗತಿಗೇ ತೆಗೆದುಕೊಳ್ಳುತ್ತವೆ. ಹಾಗಾಗಿ ಐದನೆಯ ತರಗತಿ ಎಂದರೆ ಪ್ರವೇಶ ಪರೀಕ್ಷೆಗಳ ವರ್ಷ ಎಂಬುದು ಅಲ್ಲಿನ ಶಿಕ್ಷಕರಿಗೂ ಪೋಷಕರಿಗೂ ಮೈಗೂಡಿದೆ. ಒಂದೇ ತಯಾರಿಯಲ್ಲಿ ಮಗು ನಾಲ್ಕಾರು ಪರೀಕ್ಷೆ ಬರೆಯುತ್ತದೆ, ಒಂದರಲ್ಲಿ ತಪ್ಪಿದರೆ ಇನ್ನೊಂದರಲ್ಲಿ ಸಿಗುತ್ತದೆ. ಕೇರಳದಲ್ಲಿ ಕಿರಿಯ ಪ್ರಾಥಮಿಕ ನಾಲ್ಕಕ್ಕೇ ಮುಗಿಯುತ್ತದೆ. ಐದನೆಯ ತರಗತಿ ಯುಪಿ, ಅಂದರೆ ಹಿರಿಯ ಪ್ರಾಥಮಿಕ ಶಾಲೆಯ ಮೊದಲ ತರಗತಿ. ಇಲ್ಲಿನ ಪರಿಶಿಷ್ಟ ಪಂಗಡ ಮತ್ತು ಪರಿಶಿಷ್ಟ ಜಾತಿಯ ಮಕ್ಕಳಿಗಾಗಿ ರಾಜ್ಯವೇ ನಡೆಸುವ ಮಾದರಿ ವಸತಿ ಶಾಲೆಗಳ ಬಹುಪಾಲು ಪ್ರವೇಶ ಈ ರಚನೆಗೆ ಹೊಂದಿಕೊಂಡು ಐದನೆಯ ತರಗತಿಗೇ ನಡೆಯುತ್ತದೆ. ಪ್ರತಿಯೊಂದು ರಾಜ್ಯವೂ ತನ್ನ ವಸತಿ ಶಾಲೆಗಳನ್ನು ತನ್ನ ಶಾಲಾ ಹಂತಗಳಿಗೆ ಹೊಂದಿಸಿಕೊಂಡಿರುವುದರಲ್ಲಿ ತಪ್ಪೇನಿಲ್ಲ. ಆದರೆ ಕೇಂದ್ರದ ಶಾಲೆಗಳ ಆರನೆಯ ತರಗತಿ ಕರ್ನಾಟಕದ ಹಂತಕ್ಕೆ ಕೂಡಿಬಂದು, ಕೇರಳದ ಹಂತದ ನಡುವೆ ಬೀಳುತ್ತದೆ.

ಇದರ ಪರಿಣಾಮ ಶಾಲೆಯೊಳಗೆ ಹೇಗಿರುತ್ತದೆ ಎಂಬುದನ್ನು ಕಂಡವರಿಗೇ ಗೊತ್ತು. ನಾಲ್ಕನೆಯ ತರಗತಿಯಲ್ಲಿ ನಾವು ಮಕ್ಕಳನ್ನು ಎಲ್‌ಎಸ್‌ಎಸ್ ವಿದ್ಯಾರ್ಥಿವೇತನ ಪರೀಕ್ಷೆಗೆ ತಯಾರು ಮಾಡುತ್ತೇವೆ, ಸಂಜೆ ಕೂರಿಸಿಕೊಂಡು ಹೇಳಿಕೊಡುತ್ತೇವೆ, ಯಾವ ಮಗುವಿನ ಲೆಕ್ಕ ಚುರುಕು, ಯಾವ ಮಗುವಿಗೆ ಓದಿದ್ದು ಬೇಗ ಹತ್ತುತ್ತದೆ ಎಂದು ನಮಗೆ ಚೆನ್ನಾಗಿ ತಿಳಿದಿರುತ್ತದೆ. ಎಪ್ರಿಲ್, ಮೇ ರಜೆ ಕಳೆದು ಜೂನ್‌ನಲ್ಲಿ ಆ ಮಗು ಬೇರೆ ಶಾಲೆಯ ಅಂಗಳದಲ್ಲಿ ನಿಂತಿರುತ್ತದೆ. ನವೋದಯಕ್ಕೆ ಮಳೆಗಾಲದಲ್ಲಿ ಅರ್ಜಿ, ಚಳಿಗಾಲದ ಹೊತ್ತಿಗೆ ಪರೀಕ್ಷೆ. ಮಗುವಿನ ಹೆಸರನ್ನೇ ಇನ್ನೂ ಸರಿಯಾಗಿ ಕಲಿಯದ ಹೊಸ ಶಿಕ್ಷಕರು ಅದನ್ನು ಪರೀಕ್ಷೆಗೆ ಗುರುತಿಸುವುದು ಹೇಗೆ? ಅರ್ಜಿಗೆ ಬೇಕಾದ ಪ್ರಮಾಣಪತ್ರದಲ್ಲಿ ಮೂರು, ನಾಲ್ಕು, ಐದನೆಯ ತರಗತಿಗಳ ವಿವರಗಳನ್ನು ಮುಖ್ಯೋಪಾಧ್ಯಾಯರು ಬರೆದು ಸಹಿ ಹಾಕಬೇಕು. ಅದಕ್ಕಾಗಿ ಹಳೆಯ ಶಾಲೆಗೂ ಹೊಸ ಶಾಲೆಗೂ ಓಡಾಡುವಷ್ಟರಲ್ಲಿ ಕೂಲಿಗೆ ಹೋಗುವ ಮನೆಯವರು ಬೇಸತ್ತು ಬಿಟ್ಟುಬಿಡುತ್ತಾರೆ. ನಾಲ್ಕನೆಯ ತರಗತಿಯ ಶಿಕ್ಷಕರಿಗೆ ಅದು ತಮ್ಮ ಕೆಲಸವಲ್ಲ ಎನ್ನಿಸುತ್ತದೆ, ಐದನೆಯ ತರಗತಿಯವರಿಗೆ ಸಮಯ ಸಿಗುವುದಿಲ್ಲ.

ಹಾಗೆಂದು ಉತ್ತರ ಕರ್ನಾಟಕದ ರೀತಿಯನ್ನು ಪೂರ್ತಿಯಾಗಿ ಹೊಗಳಲು ನನಗೆ ಮನಸ್ಸಿಲ್ಲ. ವಿಜಯಪುರದಲ್ಲಿ ನೌಕರಿಯಲ್ಲಿದ್ದ ನನ್ನ ಭಾವನ ಮನೆಗೆ ಹೋದಾಗ ಕಂಡ ಕೋಚಿಂಗ್ ತರಗತಿಗಳ ಫಲಕಗಳು ಇನ್ನೂ ನೆನಪಿನಲ್ಲಿವೆ: ನವೋದಯ, ಸೈನಿಕ, ಕಿತ್ತೂರು, ಮೊರಾರ್ಜಿ ಎಂದು ಒಂದರ ಕೆಳಗೊಂದು. ಒಂಬತ್ತು ವರ್ಷದ ಮಕ್ಕಳನ್ನು ತರಬೇತಿ ಕೇಂದ್ರದ ಹಾಸ್ಟೆಲಿನಲ್ಲಿ ಬಿಟ್ಟು ವರ್ಷವಿಡೀ ಬಹು ಆಯ್ಕೆಯ ಪ್ರಶ್ನೆಗಳನ್ನೇ ಬಿಡಿಸಲು ಹಚ್ಚುವುದು ಶಿಕ್ಷಣವೆಂದು ನಾನು ಒಪ್ಪುವುದಿಲ್ಲ. ಗ್ರಾಮೀಣ ಪ್ರತಿಭೆಗಾಗಿ ಹುಟ್ಟಿದ ನವೋದಯಕ್ಕೆ ಕೋಚಿಂಗ್ ಶುಲ್ಕ ಕಟ್ಟಬಲ್ಲವರೇ ಹೆಚ್ಚಾಗಿ ತಲುಪಿದರೆ ಅದರ ಉದ್ದೇಶವೂ ಸೊರಗುತ್ತದೆ. ಅಲ್ಲಿ ಅತಿಯಾಗಿದೆ, ನಮ್ಮಲ್ಲಿ ಅದರ ಮೊದಲಕ್ಷರವೂ ಇಲ್ಲ. ಅಲ್ಲಿಂದ ನಾವು ತೆಗೆದುಕೊಳ್ಳಬೇಕಾದದ್ದು ಕೋಚಿಂಗನ್ನಲ್ಲ, ಯಾವ ತರಗತಿಯಲ್ಲಿ ಎಚ್ಚರವಾಗಬೇಕು ಎಂಬ ತಿಳಿವಳಿಕೆಯನ್ನು.

ಸೈನಿಕ ಶಾಲೆಯ ವಿಷಯದಲ್ಲಿ ಗಡಿಯವರಿಗೆ ಮತ್ತೊಂದು ತೊಡಕಿದೆ. ಹಳೆಯ ಸೈನಿಕ ಶಾಲೆ ಪ್ರತಿಯೊಂದರಲ್ಲೂ ಶೇಕಡ 67ರಷ್ಟು ಸೀಟುಗಳು ಅದು ಇರುವ ರಾಜ್ಯದವರಿಗೆ, 33ರಷ್ಟು ಹೊರಗಿನವರಿಗೆ. ಸುಳ್ಯ, ಮಡಿಕೇರಿ ದಾಟಿದರೆ ಸಿಗುವ ಕೂಡಿಗೆಯ ಸೈನಿಕ ಶಾಲೆಯಲ್ಲಿ ನಮ್ಮ ಮಗು ಹೊರರಾಜ್ಯದ್ದಾಗುತ್ತದೆ. 500 ಕಿಲೋಮೀಟರಿಗೂ ಆಚೆ, ತಿರುವನಂತಪುರದ ಕಳಕ್ಕೂಟದ ಸೈನಿಕ ಶಾಲೆಯಲ್ಲಿ ತನ್ನ ರಾಜ್ಯದ್ದಾಗುತ್ತದೆ. ವೃತ್ತಿಪರ ಕೋರ್ಸುಗಳ ಸಿಇಟಿಯಲ್ಲಿ ಕರ್ನಾಟಕವು ಗಡಿನಾಡ ಕನ್ನಡಿಗರಿಗೆ ಒಂದು ಪ್ರತ್ಯೇಕ ಅವಕಾಶವನ್ನು ಇಟ್ಟಿದೆ, ಆದರೆ ಹತ್ತು ವರ್ಷದ ಮಗುವಿನ ವಿಷಯದಲ್ಲಿ ಆ ಸಂಬಂಧ ಲೆಕ್ಕಕ್ಕೆ ಬರುವುದಿಲ್ಲ.

ವಯಸ್ಸಿನ ನಿಯಮವನ್ನೂ ಇಲ್ಲಿ ಹೇಳಬೇಕು. ಸೈನಿಕ ಶಾಲೆಯ ಆರನೆಯ ತರಗತಿಗೆ ಮಾರ್ಚ್ 31ಕ್ಕೆ ಮಗುವಿಗೆ 10 ವರ್ಷ ತುಂಬಿರಬೇಕು, 12 ಮೀರಿರಬಾರದು. ಕೇರಳದಲ್ಲಿ ಮಕ್ಕಳನ್ನು ಐದು ತುಂಬಿದ ಕೂಡಲೇ ಒಂದನೆಯ ತರಗತಿಗೆ ಸೇರಿಸುವುದು ರೂಢಿ. ಎಪ್ರಿಲ್‌ನಲ್ಲೋ ಮೇಯಲ್ಲೋ ಹುಟ್ಟಿ, ಐದು ತುಂಬಿದ ಜೂನ್‌ನಲ್ಲೇ ಶಾಲೆ ಸೇರಿದ ಮಗು ಐದನೆಯ ತರಗತಿಯ ಕೊನೆಯಲ್ಲಿ ಇನ್ನೂ ಹತ್ತಕ್ಕೆ ಒಂದೆರಡು ತಿಂಗಳು ಕಡಿಮೆ ಇರುತ್ತದೆ, ಆ ವರ್ಷದ ಪ್ರವೇಶದಿಂದ ಹೊರಗೆ ಉಳಿಯುತ್ತದೆ. ಕರ್ನಾಟಕದಲ್ಲಿ ಆರರ ಹತ್ತಿರ ಶಾಲೆ ಸೇರುವ ಮಗುವಿಗೆ ಈ ಸಮಸ್ಯೆ ಬರುವುದೇ ಇಲ್ಲ. ಒಂದನೆಯ ತರಗತಿಯ ಪ್ರಾಯವನ್ನು ಆರಕ್ಕೆ ಏರಿಸುವ ತೀರ್ಮಾನವನ್ನು ಕೇರಳ ಸರಕಾರ 2025ರಲ್ಲಿ ಘೋಷಿಸಿದ್ದರಿಂದ ಮುಂದಿನ ಪೀಳಿಗೆಗೆ ಇದು ಸರಿಹೋಗಬಹುದು. ಈಗ ಶಾಲೆಯಲ್ಲಿರುವವರಿಗೆ ಅದರಿಂದ ಪ್ರಯೋಜನವಿಲ್ಲ.

ಖಾಸಗಿ ವಸತಿ ಶಾಲೆಗಳ ಬಗ್ಗೆ ಹೆಚ್ಚು ಬರೆಯಬೇಕಾದ್ದಿಲ್ಲ. ಪುತ್ತೂರು, ಮೂಡುಬಿದಿರೆಯ ಕಡೆ ಎಂಟನೆಯ ತರಗತಿಗೆ ಹೈಸ್ಕೂಲು ಆರಂಭವಾಗುವಲ್ಲಿ ಹೊಸ ವಿಭಾಗಗಳು ತೆರೆಯುವುದರಿಂದ ಆ ವರ್ಷ ಸೀಟು ಸಿಗುವುದು ಸುಲಭ, ನಮ್ಮವರ ಅಭ್ಯಾಸಕ್ಕೂ ಅದು ಒಗ್ಗುತ್ತದೆ. ಸಿಬಿಎಸ್‌ಇ ಶಾಲೆಯಾದರೆ ಒಂಬತ್ತಕ್ಕೇ ಮಂಡಳಿಯ ನೋಂದಣಿ ಆಗುವುದರಿಂದ ಹತ್ತನೆಯ ತರಗತಿಗೆ ನೇರವಾಗಿ ಸೇರುವುದು ಹೆತ್ತವರ ವರ್ಗಾವಣೆಯಂಥ ಕಾರಣಗಳಿಲ್ಲದೆ ಸಾಧ್ಯವಿಲ್ಲ. ಹನ್ನೊಂದರಲ್ಲಿ ಮತ್ತೆ ಜಾಗ ತೆರವಾಗುತ್ತದೆ. ದುಡ್ಡಿದ್ದವರಿಗೆ ಹೇಗೋ ಒಂದು ದಾರಿ ಸಿಗುತ್ತದೆ. ನನ್ನ ಚಿಂತೆ ಅವರದ್ದಲ್ಲ.

ನನ್ನ ಚಿಂತೆ ಮಂಜೇಶ್ವರ, ವರ್ಕಾಡಿ, ಮೀಂಜದ ಕಡೆಯ ಮನೆಗಳದ್ದು. ಅಲ್ಲಿನ ಅನೇಕರು ಮಕ್ಕಳನ್ನು ತಲಪಾಡಿ ದಾಟಿ ಕರ್ನಾಟಕದ ಶಾಲೆಗೆ ಕಳಿಸುತ್ತಾರೆ. ಕನ್ನಡ ಉಳಿಯಲಿ ಎಂದೋ, ಬಸ್ಸು ಮನೆಯ ಹತ್ತಿರ ಬರುತ್ತದೆ ಎಂದೋ ಮಾಡಿದ ಆ ಆಯ್ಕೆ ನವೋದಯದ ನಿಯಮದ ಮುಂದೆ ತೊಡಕಾಗುತ್ತದೆ. ಮಗು ಯಾವ ಜಿಲ್ಲೆಯಲ್ಲಿ ಐದನೆಯ ತರಗತಿ ಓದುತ್ತದೆಯೋ ಅದೇ ಜಿಲ್ಲೆಯ ನಿವಾಸಿಯೂ ಆಗಿರಬೇಕು, ಅದೇ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ ಹಾಕಬೇಕು. ವಾಸ ಕಾಸರಗೋಡಿನಲ್ಲಿ, ಓದು ದಕ್ಷಿಣ ಕನ್ನಡದಲ್ಲಿ ಎಂದಾದರೆ ಪೆರಿಯವೂ ಇಲ್ಲ, ಮುಡಿಪೂ ಇಲ್ಲ. "ಮಾಷ್ಟ್ರೇ, ಎರಡೂ ಕಡೆಯಿಂದ ಹಾಕಿದರೆ ಒಂದಾದರೂ ಆಗದಾ?" ಎಂದು ನನ್ನನ್ನು ಕೇಳಿದ ತಾಯಿಯೊಬ್ಬರಿಗೆ ಈ ಉತ್ತರ ಹೇಳುವುದು ಕಷ್ಟವಾಯಿತು, ಏಕೆಂದರೆ ಆಗ ಮಗು ಐದನೆಯ ತರಗತಿಯಲ್ಲಿ ಅರ್ಧ ವರ್ಷ ಕಳೆದಿತ್ತು.

ಗ್ರಾಮೀಣ ಮೀಸಲಿನ ನಿಯಮವೂ ಅಷ್ಟೇ ಕಟ್ಟುನಿಟ್ಟಿನದು. ಮೂರರಿಂದ ಐದರವರೆಗಿನ ಅವಧಿಯಲ್ಲಿ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಕಲಿತಿದ್ದರೂ ಮಗುವನ್ನು ನಗರದ್ದೆಂದೇ ಗಣಿಸುತ್ತಾರೆ. ಹಳ್ಳಿಯ ಮನೆಯಿಂದ ಕಾಸರಗೋಡು ಪೇಟೆಯ ಶಾಲೆಗೆ ಮಗುವನ್ನು ಮೂರನೆಯ ತರಗತಿಯಲ್ಲಿ ಸೇರಿಸಿದವರು ಮುಕ್ಕಾಲು ಪಾಲು ಸೀಟುಗಳ ಗ್ರಾಮೀಣ ಹಕ್ಕನ್ನು ಆ ದಿನವೇ ಬಿಟ್ಟುಕೊಟ್ಟಂತೆ. ಹಾಗೆ ನೋಡಿದರೆ ಪ್ರವೇಶದ ನಿರ್ಧಾರ ಎರಡನೆಯ ತರಗತಿ ಮುಗಿಯುವಾಗಲೇ ಆಗಿರಬೇಕು.

ನವೋದಯಕ್ಕೆ ಸೇರಿದ ಮೇಲೆ ಮಗುವಿನ ಕನ್ನಡ ಉಳಿಯುತ್ತದೆಯೇ ಎಂದು ಕೆಲವು ಮಿತ್ರರು ಆಕ್ಷೇಪಿಸುತ್ತಾರೆ. ಪರೀಕ್ಷೆ ಕನ್ನಡದಲ್ಲಿ ಬರೆದ ಮಾತ್ರಕ್ಕೆ ಶಾಲೆ ಕನ್ನಡದ್ದಾಗುವುದಿಲ್ಲ ಎಂಬುದು ನಿಜ, ಆ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಆ ತೂಕವನ್ನು ಮನೆಯವರು ತಿಳಿದು ನೋಡಲಿ. ತಿಳಿಯದೆ ಅವಕಾಶ ಕಳೆದುಕೊಂಡು, ಭಾಷೆ ಉಳಿಸಿಕೊಂಡೆವು ಎಂದು ಆಮೇಲೆ ಸಮಾಧಾನಪಟ್ಟುಕೊಳ್ಳುವುದು ಬೇಡ.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಎಲ್‌ಎಸ್‌ಎಸ್‌ಗೆ ತಯಾರಾದ ಮಕ್ಕಳ ಪಟ್ಟಿಯನ್ನು ನಾಲ್ಕನೆಯ ತರಗತಿಯ ಶಿಕ್ಷಕರು ವರ್ಗಾವಣೆ ಪತ್ರದ ಜೊತೆಗೇ ಯುಪಿ ಶಾಲೆಗೆ ಕೊಡಬಹುದು. ಮೂರು ಮತ್ತು ನಾಲ್ಕನೆಯ ತರಗತಿಗಳ ವಿವರಗಳನ್ನು ಅದೇ ಹೊತ್ತಿಗೆ ಬರೆದುಕೊಟ್ಟರೆ ಮನೆಯವರ ಅಲೆದಾಟ ತಪ್ಪುತ್ತದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ರಜೆಯಲ್ಲಿ ಶಿಬಿರ ನಡೆಸುವ ಕನ್ನಡ ಸಂಘಗಳು ಹಾಡು, ನಾಟಕಗಳ ನಡುವೆ ದಿನಕ್ಕೊಂದು ಗಂಟೆ ಮಾನಸಿಕ ಸಾಮರ್ಥ್ಯದ ಲೆಕ್ಕಗಳನ್ನು ಕನ್ನಡದಲ್ಲೇ ಮಾಡಿಸಬಹುದು. ಗಡಿ ದಾಟಿ ಶಾಲೆಗೆ ಹೋಗುವ ಮಕ್ಕಳ ಮನೆಗಳಿಗೆ ಮಾತ್ರ ಈ ಯಾವುದೂ ಸಾಲದು. ಅವರಿಗೆ ಜಿಲ್ಲೆಯ ನಿಯಮವನ್ನು ಅಂಗನವಾಡಿಯಲ್ಲಿ, ಅಂದರೆ ಶಾಲೆ ಆರಿಸುವ ಮೊದಲೇ, ಯಾರಾದರೂ ಹೇಳಬೇಕು.